ನಮ್ಮ ಮನೆ ಬಾಗಿಲಿಗೆ ರೋಮ್ ಬಂದದ್ದು

ನನಗೆ ಲ್ಯಾಟಿನ್ ಬರುವುದಿಲ್ಲ ಎಂಬ ಸಂಗತಿ ನಲವತ್ತಾರನೆಯ ವಯಸ್ಸಿನವರೆಗೆ ನನಗೇ ಗೊತ್ತಿರಲಿಲ್ಲ. ಕನ್ನಡ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ಮೈಸೂರಿನ ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡು ಮೇಷ್ಟರಿಂದ ಶಹಬ್ಬಾಸ್ ಎನ್ನಿಸಿಕೊಂಡಿದ್ದೆ. ‘ರಾಮಃ ರಾಮೌ ರಾಮಾಃ’ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವನಿಗೆ ರೋಮ್ ಎಷ್ಟು ದೂರ? ಹೀಗೆ ಯೋಚಿಸುವ ಮನುಷ್ಯನನ್ನು ಯಾವ ಶಾಲೆಯ ಸಭೆಗೂ ಕರೆದುಕೊಂಡು ಹೋಗಬಾರದು. ಆದರೆ ನನ್ನ ಹೆಂಡತಿ ವನಜಾ ಕರೆದುಕೊಂಡು ಹೋದಳು.

ಹೊಸ ಶತಮಾನ ಆಗ ತಾನೇ ಕಣ್ಣು ಬಿಟ್ಟಿತ್ತು. ನಾನು ಅಮೆರಿಕದ ಪ್ಲಿಮತ್‌ನ ಒಂದು ಕಂಪನಿಯಲ್ಲಿ ಕಾರುಗಳಿಗೆ ಬ್ರೇಕ್ ವಿನ್ಯಾಸ ಮಾಡುತ್ತಿದ್ದೆ. ಊರಿನ ಕಾರಿಗೆಲ್ಲ ಬ್ರೇಕ್ ಮಾಡುವ ನನಗೆ ಸ್ವಂತ ಬಾಯಿಗೆ ಒಂದು ಬ್ರೇಕ್ ಮಾಡಿಕೊಳ್ಳಲು ಆಗಲಿಲ್ಲ ಎಂಬುದು ವನಜಾಳ ಬಹುಕಾಲದ ದೂರು. ಹಿಂದಿನ ಬೇಸಿಗೆಯಲ್ಲಿ ನಾವು ಸ್ಟರ್ಲಿಂಗ್ ಹೈಟ್ಸ್‌ನಿಂದ ನಾರ್ತ್‌ವಿಲ್‌ಗೆ ಮನೆ ಬದಲಿಸಿದ್ದೆವು. ಅದರಿಂದ ನನಗೆ ಆಫೀಸು ಹತ್ತಿರವಾಯಿತು. ಹದಿನಾಲ್ಕು ವರ್ಷದ ನಮ್ಮ ಮಗಳು ಸಿರಿಗೆ ಮಾತ್ರ ಗೆಳತಿಯರೆಲ್ಲ ದೂರವಾದರು. ಹೊಸ ಶಾಲೆಯಲ್ಲಿ ಅವಳು ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಧ್ಯಾಹ್ನದ ಊಟವನ್ನು ಲೈಬ್ರರಿಯ ಹತ್ತಿರದ ಬೆಂಚಿನ ಮೇಲೆ ಒಬ್ಬಳೇ ಕೂತು ಮಾಡುತ್ತಾಳೆ ಎಂಬುದು ಅವಳ ಬಾಯಿಂದಲ್ಲ, ‘ದಿನಾ ಒಬ್ಬಳೇ ಕೂರುವ ಬೆಂಚಿನ ಮೇಲೆ ಡಬ್ಬಿ ಮರೆತಿದ್ದೀಯ’ ಎಂದು ಲೈಬ್ರರಿಯವರು ಅವಳ ಡಬ್ಬಿಯೊಳಗಿಟ್ಟ ಚೀಟಿಯಿಂದ ನಮಗೆ ತಿಳಿಯಿತು. ಅವಳು ಖುಷಿಯಿಂದ ಹೋಗುತ್ತಿದ್ದದ್ದು ಒಂದೇ ಕ್ಲಾಸಿಗೆ. ಅದು ಲ್ಯಾಟಿನ್.

ಆ ಲ್ಯಾಟಿನ್ ಕಲಿಸುವ ಮಿಸೆಸ್ ಕಿಂಬಲ್ ಪಾಲಕರ ಸಭೆಯಲ್ಲಿ ಚಿತ್ರ ತೋರಿಸುತ್ತಾ ಮಾತಾಡಿದರು. ಸಣ್ಣ ದೇಹ, ದೊಡ್ಡ ಧ್ವನಿ. ಗ್ರೀಸ್ ಮತ್ತು ರೋಮ್ ಸತ್ತುಹೋಗಿವೆ ಎಂದುಕೊಳ್ಳಬೇಡಿ, ಯುರೋಪಿನ ಕಾನೂನಿನಲ್ಲಿ, ನಾಟಕದಲ್ಲಿ, ವೈದ್ಯರ ಪ್ರತಿಜ್ಞೆಯಲ್ಲಿ, ತಿಂಗಳುಗಳ ಹೆಸರಿನಲ್ಲಿ ಅವು ಬದುಕಿವೆ, ಅಲ್ಲಿಂದ ಹಡಗು ಹತ್ತಿ ನಿಮ್ಮ ಕೋರ್ಟು, ಬ್ಯಾಂಕು, ಲೈಬ್ರರಿಗಳ ಬಾಗಿಲಿಗೂ ಬಂದು ನಿಂತಿವೆ ಎಂದು ಒಂದೊಂದೇ ಕಂಬದ ಚಿತ್ರ ತೋರಿಸಿದರು. ನಾನು ಮೈಮರೆತೆ. ಕೊನೆಗೆ ಅವರು, ಪ್ರತಿ ವರ್ಷ ಮೇ ತಿಂಗಳಲ್ಲಿ ಲ್ಯಾಟಿನ್ ಕ್ಲಾಸಿನ ಮಕ್ಕಳು ಯಾರಾದರೊಬ್ಬರ ಮನೆಯಲ್ಲಿ ರೋಮನ್ನರ ಉಡುಪು ತೊಟ್ಟು ರೋಮನ್ ಔತಣ ಮಾಡುತ್ತಾರೆ, ಈ ಸಲ ಇನ್ನೂ ಯಾರೂ ಮುಂದೆ ಬಂದಿಲ್ಲ ಎಂದರು.

ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸತೊಡಗಿದರು. ಆಗ ಒಂದು ಕೈ ಮೇಲೆದ್ದಿತು. ಯಾರ ಕೈ ಎಂದು ಕತ್ತು ತಿರುಗಿಸಿ ನೋಡಿದೆ. ನನ್ನದೇ!

“ನಮ್ಮ ಮನೆಯಲ್ಲಿ ಮಾಡೋಣ ಮೇಡಂ,” ಎಂದೆ ಇಂಗ್ಲಿಷಿನಲ್ಲಿ. “ನಮ್ಮದು ರೋಮನ್ ಶೈಲಿಯ ಮನೆ. ಬಾಗಿಲಲ್ಲಿ ಎರಡು ಕಂಬಗಳಿವೆ.”

ಮಿಸೆಸ್ ಕಿಂಬಲ್ ಎರಡೂ ಕೈ ಜೋಡಿಸಿ “ಹೌ ವಂಡರ್‌ಫುಲ್!” ಎಂದರು. ನಮ್ಮ ಜೊತೆ ಬಂದು ನನ್ನ ಪಕ್ಕ ಕೂತಿದ್ದ ಸಿರಿ ತನ್ನ ಜಾಕೆಟ್ಟಿನೊಳಗೆ ಆಮೆಯಂತೆ ನಿಧಾನವಾಗಿ ಇಳಿದುಹೋದಳು.

ಕಾರು ಪಾರ್ಕಿಂಗ್ ಲಾಟ್ ದಾಟಿತು. ಆಮೇಲೆ ವನಜಾ ಕೇಳಿದಳು. “ರೀ, ನಮ್ಮ ಎರಡು ಕಂಬದಲ್ಲಿ ಎಡಗಡೇದು ಕೊಳೆತು ಹೋಗಿದೆ, ನೆನಪಿದೆಯಾ? ಹಿಮ ಬಿದ್ದು ಬಿದ್ದು ಅದರ ಬುಡ ಬಿಸ್ಕತ್ ಥರ ಆಗಿದೆ. ಮೊನ್ನೆ ನಾನು ಛತ್ರಿ ಒರಗಿಸಿದ್ದಕ್ಕೆ ಛತ್ರಿ ಒಳಗೆ ಹೋಯ್ತು.”

“ಬದಲಾಯಿಸ್ತೀನಿ.”

“ಕಾರ್ಪೆಂಟರ್‌ನ ಕರೀತೀರಾ?”

“ಒಂದು ಕಂಬ ನಿಲ್ಲಿಸೋಕೆ ಕಾರ್ಪೆಂಟರ್ ಯಾಕೆ? ನಾನು ಇಂಜಿನಿಯರ್ ಅಲ್ವಾ?”

ಹಿಂದಿನ ಸೀಟಿನಿಂದ ಸಿರಿಯ ಧ್ವನಿ ಬಂತು. “ಅಪ್ಪಾ, ಇಟ್ಸ್ ಮೈ ಹೋಲ್ ಕ್ಲಾಸ್. ಪ್ಲೀಸ್. ಜಸ್ಟ್ ಬಿ ನಾರ್ಮಲ್.”

ನಾನು ನಾರ್ಮಲ್ ಆಗಿಯೇ ಇರುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಲೈಬ್ರರಿಗೆ ಹೋಗಿ ಏಳು ಪುಸ್ತಕ ತಂದೆ.

ಆ ಪುಸ್ತಕಗಳು ನನ್ನ ತಲೆ ಕೆಡಿಸಿದವು ಎಂದರೆ ತಪ್ಪಲ್ಲ. ಗ್ರೀಕರು ದೇವಸ್ಥಾನಕ್ಕೆಂದು ಕಂಬ ಕಟ್ಟಿದರು. ರೋಮನ್ನರು ಅದನ್ನು ನೋಡಿ ಮೆಚ್ಚಿ ತಮ್ಮ ಊರಿಗೆಲ್ಲ ನೆಟ್ಟರು. ರೋಮ್ ಬಿತ್ತು, ಕಂಬಗಳ ಮೇಲೆ ಮುಳ್ಳುಗಂಟಿ ಬೆಳೆದು ಮೇಕೆ ಮೇಯ್ದವು. ನೂರಾರು ವರ್ಷ ಕಳೆದ ಮೇಲೆ ಇಟಲಿಯವರು ಮುಳ್ಳು ಸರಿಸಿ, ದಾರ ಹಿಡಿದು, ಕಂಬಗಳ ಅಳತೆ ತೆಗೆದುಕೊಂಡರು. ಅವರನ್ನು ನೋಡಿ ಫ್ರೆಂಚರು, ಫ್ರೆಂಚರನ್ನು ನೋಡಿ ಇಂಗ್ಲಿಷರು, ಇಂಗ್ಲಿಷರನ್ನು ನೋಡಿ ಅಮೆರಿಕದವರು. ಕೊನೆಗೆ ಯಾರೋ ಒಬ್ಬ ಬಿಲ್ಡರ್ ನಮ್ಮ ಬಡಾವಣೆಯ ಎಲ್ಲ ಮನೆಗಳ ಗ್ಯಾರೇಜಿನ ಪಕ್ಕದಲ್ಲಿ ಎರಡೆರಡು ನೆಟ್ಟು ಹೋದ! ಎರಡೂವರೆ ಸಾವಿರ ವರ್ಷದ ಮೆರವಣಿಗೆ ಬಂದು ನಿಂತದ್ದು ನಮ್ಮ ಕಸದ ಡಬ್ಬಿಯ ಹತ್ತಿರ. ಇದನ್ನು ತಿಳಿದ ಮೇಲೆ ಸುಮ್ಮನಿರಲು ಸಾಧ್ಯವೇ?

ವನಜಾ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅವಳ ಎದುರು ಕೂತು ವಿವರಿಸಿದೆ. “ಬೆಂಗಳೂರಲ್ಲಿ ನಿಮ್ಮಪ್ಪ ಸ್ಕೂಟರ್ ನಿಲ್ಲಿಸ್ತಾರಲ್ಲ, ಪೋರ್ಟಿಕೋ, ಆ ಪದ ಬಂದಿರೋದೇ ರೋಮಿಂದ. ಕಬ್ಬನ್ ಪಾರ್ಕಿನ ಹತ್ರ ಕೆಂಪು ಹೈಕೋರ್ಟಿನ ಕಂಬ ಇದೆಯಲ್ಲ, ಅದು ಗ್ರೀಸಿಂದ. ಕಂಬದಲ್ಲಿ ಮೂರು ಜಾತಿ. ಡೋರಿಕ್, ಅಯೋನಿಕ್, ಕೊರಿಂಥಿಯನ್.”

“ಮೂರರಲ್ಲಿ ಯಾವುದು ನನ್ನ ತುಳಸಿ ಕುಂಡಕ್ಕೆ ನೆರಳು ಮಾಡಲ್ಲ?”

“ವನಜಾ, ಇದು ನಾಗರಿಕತೆಯ ವಿಷಯ.”

“ಹುರುಳಿಕಾಯಿ ನಾರು ತೆಗೀರಿ. ಅದೂ ನಾಗರಿಕತೆಯೇ.”

ನಾರು ತೆಗೆದೆ. ಆದರೆ ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಇತಿಹಾಸದ ಅಧ್ಯಾಯಗಳನ್ನೆಲ್ಲ ನಾನು ಗದ್ಗದನಾಗಿ ಓದಿದೆ. ಕಂಬದ ಅಳತೆಯ ಅಧ್ಯಾಯ ಬಂದಾಗ ಮಾತ್ರ, ಅಳತೆಯನ್ನು ಇಂಜಿನಿಯರಿಗೆ ಯಾರು ಹೇಳಿಕೊಡಬೇಕು ಎಂದುಕೊಂಡು ಹಾರಿಸಿಬಿಟ್ಟೆ.

ಕಂಬ ತರಿಸಿಕೊಟ್ಟವರು ಬಷೀರ್ ಭಾಯಿ. ಹುಬ್ಬಳ್ಳಿಯವರು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಬಾಗಿಲು, ಕಿಟಕಿ, ಟೈಲ್ಸ್ ಮಾರುವ ಅಂಗಡಿ ಇಟ್ಟಿದ್ದಾರೆ. ನಾವು ಅಲ್ಲಿದ್ದಾಗ ನಮ್ಮ ಪಕ್ಕದ ಮನೆಯವರು. ಫೈಬರ್‌ಗ್ಲಾಸಿನ ಬಿಳಿ ಕಂಬ, ಒಳಗೆ ಟೊಳ್ಳು, ಇಬ್ಬರು ಸುಲಭವಾಗಿ ಎತ್ತಬಹುದಾದಷ್ಟು ಹಗುರ. ಬುಡಕ್ಕೆ ಒಂದು ಬಳೆ, ತಲೆಗೆ ಒಂದು ಬಳೆ ಬೇರೆ ಬೇರೆಯಾಗಿ ಬಂದಿದ್ದವು. ತಮ್ಮ ವ್ಯಾನಿನಲ್ಲಿ ತಂದು ಇಳಿಸುತ್ತಾ ಅವರು ಹೇಳಿದರು.

“ಮೂರ್ತಿ ಸಾಹೇಬ್ರ, ಒಬ್ಬರ ಹಚ್ಚಾಕ ಹೋಗಬ್ಯಾಡ್ರಿ. ಶನಿವಾರ ಮುಂಜಾನೆ ನಾ ಬರ್ತೀನಿ. ಇಬ್ಬರೂ ಕೂಡಿ ಒಂದ್ ತಾಸಿನ್ಯಾಗ ಮುಗಸೂಣು.”

“ಶನಿವಾರವೇ ಔತಣ ಭಾಯಿ. ನೀವು ಊಟಕ್ಕೆ ಬನ್ನಿ ಸಾಕು. ಕಂಬ ನನಗೆ ಬಿಡಿ.”

“ಅಲ್ರೀ, ಮ್ಯಾಲೆ ಯಾವುದು, ಕೆಳಗ ಯಾವುದು ಅಂತ...”

“ಭಾಯಿ!” ಎಂದೆ. ಆ ಒಂದು ಪದದಲ್ಲಿ ಇಪ್ಪತ್ತು ವರ್ಷದ ವೃತ್ತಿಯ ಅಭಿಮಾನವನ್ನೆಲ್ಲ ತುಂಬಿದ್ದೆ. ಅವರು ಗಡ್ಡ ಸವರಿಕೊಂಡು ವ್ಯಾನು ಹತ್ತಿದರು.

ಶುಕ್ರವಾರ ರಜೆ ಹಾಕಿದೆ. ಕಾರಿನ ಜಾಕನ್ನು ಮರದ ದಿಮ್ಮಿಯ ಮೇಲಿಟ್ಟು ಬಾಗಿಲ ಮುಂದಿನ ಪೋರ್ಚಿನ ತೊಲೆಯನ್ನು ಸ್ವಲ್ಪ ಎತ್ತಿ ನಿಲ್ಲಿಸಿದೆ. ಕೊಳೆತ ಕಂಬವನ್ನು ಹೊರಗೆ ಎಳೆದೆ. ಅದರ ಹೊಟ್ಟೆಯೊಳಗಿನಿಂದ ಒಂದು ಅಳಿಲು ಹೊರಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೇಸರದಿಂದ ಮೇಪಲ್ ಮರ ಹತ್ತಿತು. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿತ್ತು.

ಹೊಸ ಕಂಬಕ್ಕೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ನಾನು ಜಾಕಿನ ಹಿಡಿಯನ್ನು ಕೈಯಲ್ಲಿ ಹಿಡಿದು ಗಂಭೀರವಾಗಿ ಆಲೋಚಿಸಿದೆ. ಭಾರ ಎಲ್ಲಿದೆ? ಮೇಲಿದೆ. ಭಾರವನ್ನು ಹಂಚಿಕೊಳ್ಳಲು ಅಗಲವಾದ ಜಾಗ ಎಲ್ಲಿ ಬೇಕು? ಮೇಲೆ ಬೇಕು. ಆದ್ದರಿಂದ ದಪ್ಪ ತುದಿ ಮೇಲೆ! ಕೆಳಗೆ ಸಿಮೆಂಟಿನ ನೆಲ ಗಟ್ಟಿಯಾಗಿದೆ, ಸಣ್ಣ ತುದಿ ಸಾಕು. ವಾದದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ.

ಬುಡದ ಬಳೆ ಸಡಿಲವಾಗಿತ್ತು. ಸಂದಿಗೆಲ್ಲ ಬಿಳಿ ಅಂಟು ತುಂಬಿದೆ. ಎರಡೂವರೆ ಟ್ಯೂಬ್ ಹಿಡಿಯಿತು. ತಲೆಯ ಬಳೆ ಏರಲೇ ಇಲ್ಲ. ಉಪ್ಪುಕಾಗದ ಹಾಕಿ ತಿಕ್ಕಿದೆ, ಸುತ್ತಿಗೆಯಿಂದ ಮೃದುವಾಗಿ ತಟ್ಟಿದೆ, ಆಮೇಲೆ ಅಷ್ಟೇನೂ ಮೃದುವಲ್ಲದೆ ತಟ್ಟಿದೆ. ಕೊನೆಗೆ ಗ್ರೀಕರ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಎಂದು ತೀರ್ಮಾನಿಸಿ, ಆ ಬಳೆಯನ್ನು ವನಜಾಳ ತುಳಸಿ ಕುಂಡದ ಕೆಳಗಿಟ್ಟೆ. ಅಲ್ಲಿ ಚೆನ್ನಾಗಿ ಕೂತಿತು. ಮೇಲೆ ಉಳಿದ ಸಂದಿಗೆ ಮರದ ಚಕ್ಕೆಗಳನ್ನು ತುರುಕಿ, ಬಣ್ಣ ಬಳಿದು, ಜಾಕನ್ನು ತೆಗೆದೆ. ಕಂಬ ನಿಂತಿತು! ನಾನು ಕೈ ಕೊಡವಿಕೊಂಡೆ.

ಪಕ್ಕದಲ್ಲೇ ಹಳೆಯ ಇನ್ನೊಂದು ಕಂಬ ನಿಂತಿತ್ತಲ್ಲ, ಅದನ್ನೊಮ್ಮೆ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಆಮೇಲೆ ಎಲ್ಲರೂ ಅದನ್ನೇ ಕೇಳಿದರು.

ಅಂಗಡಿಯಿಂದ ಬಂದ ವನಜಾ ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿ, ಇಳಿಯದೆ, ಗಾಜಿನ ಮೂಲಕವೇ ಬಹಳ ಹೊತ್ತು ನೋಡಿದಳು. ಆಮೇಲೆ ಇಳಿದು ತಲೆ ಓರೆ ಮಾಡಿ ನೋಡಿದಳು.

“ರೀ, ಬಲಗಡೇದು ಪೈಜಾಮ ಹಾಕಿರೋ ಹಾಗಿದೆ. ಎಡಗಡೇದು ಬನಿಯನ್ ತೆಗೆದಿರೋ ಪೈಲ್ವಾನ್ ಥರ ಇದೆ. ಉಲ್ಟಾ ಆಗಿದೆ ಅಲ್ವಾ?”

ಆ ಕ್ಷಣದಲ್ಲಿ ನಾನೂ ದೂರದಿಂದ ಮೊದಲ ಸಲ ನೋಡಿದೆ. ಅವಳು ಹೇಳಿದ್ದು ನಿಜವೇ. ಆದರೆ ಬಾಯಿಗೆ ಬ್ರೇಕ್ ಇಲ್ಲವೆಂದು ಮೊದಲೇ ಹೇಳಿದ್ದೇನಷ್ಟೆ. “ಗ್ರೀಕರು ಬೇಕು ಅಂತಲೇ ಕಂಬದ ಗೆರೆ ಬಗ್ಗಿಸ್ತಿದ್ರು ಗೊತ್ತಾ? ನೋಡೋರ ಕಣ್ಣಿಗೆ ಮೋಸ ಮಾಡೋಕೆ.”

“ನನ್ನ ಕಣ್ಣಿಗೆ ಏನೂ ಮೋಸ ಆಗಿಲ್ಲ ರೀ. ಸ್ಪಷ್ಟವಾಗಿ ಕಾಣ್ತಿದೆ.”

ಮತ್ತೆ ಕಿತ್ತು ನಿಲ್ಲಿಸಲು ಧೈರ್ಯವಿರಲಿಲ್ಲ. ಅಂಟು ಒಣಗಬೇಕಿತ್ತು. ಮಕ್ಕಳು ನಾಳೆ ಮೂರು ಗಂಟೆಗೆ ಬರುವವರಿದ್ದರು. ಸಿರಿ ಅಂದು ಶಾಲೆಯಲ್ಲೇ ಉಳಿದು ಕ್ಲಾಸಿನವರ ಜೊತೆ ನಾಟಕದ ತಾಲೀಮು ಮಾಡುತ್ತಿದ್ದಳು. ಮಕ್ಕಳು ಬರುವಷ್ಟರಲ್ಲಿ ಎಡಗಂಬದ ತಲೆಯನ್ನು ಮುಚ್ಚಬೇಕು. ಆಗ ಹೊಳೆಯಿತು. ಎರಡು ಕಂಬಗಳ ನಡುವೆ, ಮೇಲ್ಭಾಗ ಪೂರ್ತಿ ಮುಚ್ಚುವಂತೆ, ಒಂದು ದೊಡ್ಡ ಬ್ಯಾನರ್! ಅದರ ಮೇಲೆ ರೋಮನ್ನರ ಭಾಷೆಯಲ್ಲೇ ‘ಅತಿಥಿಗಳೇ, ಸ್ವಾಗತ’!

ಲೈಬ್ರರಿಯವರು ಹಳೆಯ ಪುಸ್ತಕ ತೆಗೆದುಹಾಕುವಾಗ ನಾನೊಂದು ಲ್ಯಾಟಿನ್ ನಿಘಂಟು ತಂದಿದ್ದೆ. ಮನೆಗೆ ಬಂದು ತೆರೆದಾಗ ತಿಳಿದದ್ದು, ಅದರಲ್ಲಿ ಅರ್ಥಗಳೆಲ್ಲ ಜರ್ಮನ್ ಭಾಷೆಯಲ್ಲಿದ್ದವು. ಇಂಟರ್ನೆಟ್ ನೋಡೋಣವೆಂದರೆ ಆ ಕಾಲದಲ್ಲಿ ಅದಕ್ಕೂ ಫೋನಿಗೂ ಒಂದೇ ತಂತಿ. ವನಜಾ ತನ್ನ ಅಕ್ಕನ ಜೊತೆ ಫೋನಿನಲ್ಲಿದ್ದಳು. ವಿಷಯ ಕಂಬ. ಬೇಗ ಮುಗಿಯುವಂತಿರಲಿಲ್ಲ.

ಹೆದರಲಿಲ್ಲ. ಬಂದವರೆಲ್ಲರಿಗೆ ‘ನಮಸ್ಕಾರ, ಸ್ವಾಗತ’ ಎನ್ನಲು ‘ಸಾಲ್ವೇತೇ’ ಎಂಬುದು ಸಿರಿಯ ಬಾಯಲ್ಲಿ ಕೇಳಿ ಗೊತ್ತಿತ್ತು. ಇನ್ನು ಅತಿಥಿ. ಅತಿಥಿಯನ್ನು ಕರೆದವನಿಗೆ ಇಂಗ್ಲಿಷಿನಲ್ಲಿರುವ ‘ಹೋಸ್ಟ್’ ಪದ ಲ್ಯಾಟಿನ್ನಿನಿಂದಲೇ ಬಂದಿರಬೇಕೆಂದು ಅದರ ಅಕ್ಷರ ಹಿಡಿದು ಪುಟ ತಿರುವಿದೆ. ಒಂದೇ ಪುಟದಲ್ಲಿ ಎರಡು ಪದ ಕಣ್ಣಿಗೆ ಬಿದ್ದವು. ಮೊದಲನೆಯದು ‘ಹೋಸ್ಪೆಸ್’. ಅದರ ಎದುರು ಜರ್ಮನ್ ಅರ್ಥ, ಜಿ, ಎ, ಎಸ್, ಟಿ. ಗಾಸ್ಟ್? ಘೋಸ್ಟ್! ದೆವ್ವ! ಪದ ನೋಡಿದರೆ ಹಾಸ್ಪಿಟಲ್ ಇದ್ದ ಹಾಗಿದೆ, ಅರ್ಥ ನೋಡಿದರೆ ದೆವ್ವ. ಮಕ್ಕಳು ಬರುವ ಶುಭ ಸಮಾರಂಭಕ್ಕೆ ಇದು ಬೇಡವೇ ಬೇಡ. ಎರಡನೆಯದು ‘ಹೋಸ್ತಿಸ್’. ಅದರ ಅರ್ಥ, ಎಫ್, ಇ, ಐ, ಎನ್, ಡಿ. ಫ್ರೆಂಡ್! ನಡುವೆ ಒಂದು ಅಕ್ಷರ ಬಿಟ್ಟುಹೋಗಿದೆ, ಜರ್ಮನರೂ ಅಚ್ಚಿನ ದೋಷ ಮಾಡುತ್ತಾರೆ ಎಂದು ನಕ್ಕೆ. ಸಂಸ್ಕೃತ ಕಲಿತವನಿಗೆ ಬಹುವಚನ ಮಾಡುವುದು ಕಷ್ಟವೇ? ಹಿಂದಿನ ಪುಟಗಳ ಕೋಷ್ಟಕ ನೋಡಿ ‘ಹೋಸ್ತೇಸ್’ ಮಾಡಿದೆ. ಇದೊಂದನ್ನು ಮಾತ್ರ ನಾನು ಸರಿಯಾಗಿ ಮಾಡಿದ್ದೆ ಎಂದು ಆಮೇಲೆ ಮಿಸೆಸ್ ಕಿಂಬಲ್ ದೃಢಪಡಿಸಿದರು.

ಬಿಳಿ ಬೆಡ್‌ಶೀಟಿನ ಮೇಲೆ ಕೆಂಪು ಬಣ್ಣದಲ್ಲಿ ಮೊಳದುದ್ದದ ರೋಮನ್ ಅಕ್ಷರಗಳು. ‘ಸಾಲ್ವೇತೇ ಹೋಸ್ತೇಸ್’. ಮಗಳಿಗೆ ಅಚ್ಚರಿ ಕೊಡಬೇಕೆಂದು ಅದನ್ನು ಗ್ಯಾರೇಜಿನಲ್ಲಿ ಬಚ್ಚಿಟ್ಟೆ. ಸಂಜೆ ಬಂದ ಸಿರಿ ಪೋರ್ಚಿನಲ್ಲಿ ನಿಂತು ಎಡಗಂಬ ನೋಡಿದಳು, ನನ್ನನ್ನು ನೋಡಿದಳು. “ನಾಳೆ ಇದು ಕಾಣಲ್ಲ ಕಂದಾ, ಪ್ರಾಮಿಸ್,” ಎಂದೆ. ಅವಳು “ಓಕೆ” ಎಂದಳು. ಹದಿನಾಲ್ಕು ವರ್ಷದವರು ಹೇಳುವ ‘ಓಕೆ’ಯಲ್ಲಿ ಎಷ್ಟು ಅರ್ಥಗಳಿರುತ್ತವೆ ಎಂಬುದು ಯಾವ ನಿಘಂಟಿನಲ್ಲೂ ಇಲ್ಲ.

ಶನಿವಾರ ಎಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಎಳೆ ಬಿಸಿಲು. ಉಡುಪು ತೊಟ್ಟು ಎಲ್ಲರ ಜೊತೆ ಬರುತ್ತೇನೆಂದು ಸಿರಿ ಶಾಲೆಗೆ ಹೋದ ಮೇಲೆ ನಾನು ಬ್ಯಾನರನ್ನು ಎರಡು ಕಂಬಗಳಿಗೆ ಹಗ್ಗದಿಂದ ಕಟ್ಟಿದೆ. ವನಜಾ ಬೆಳಿಗ್ಗೆಯಿಂದ ದುಡಿದು ಒಂದು ಅದ್ಭುತ ರೋಮನ್ ಔತಣ ಸಿದ್ಧ ಮಾಡಿದ್ದಳು. ರೋಮನ್ನರು ಕಡಲೆ ತಿನ್ನುತ್ತಿದ್ದರು ಎಂದು ಸಿರಿ ಹೇಳಿದ್ದಕ್ಕೆ ಕಡಲೆಕಾಳಿನ ಉಸಲಿ, ಜೇನು ತಿನ್ನುತ್ತಿದ್ದರು ಎಂದದ್ದಕ್ಕೆ ಜೇನು ಸವರಿದ ಬಾದಾಮಿ, ಏನು ಕುಡಿಯುತ್ತಿದ್ದರು ಎಂದು ಕೇಳಿ, ಉತ್ತರ ತಿಳಿದು, ಅದರ ಬದಲು ದ್ರಾಕ್ಷಿ ರಸ. ಬಷೀರ್ ಭಾಯಿ ಎರಡು ಪೆಟ್ಟಿಗೆ ಖರ್ಜೂರ, ಒಂದು ಬುಟ್ಟಿ ದ್ರಾಕ್ಷಿ ಹೊತ್ತು ಬಂದರು. ಬಂದವರು ಪೋರ್ಚಿನ ಕೆಳಗೆ ನಿಂತು, ಬ್ಯಾನರಿನ ಅಂಚನ್ನು ಎತ್ತಿ, ಮೇಲೆ ಇಣುಕಿದರು.

“ಅಲ್ರೀ ಸಾಹೇಬ್ರ! ಕಂಬ ಶೀರ್ಷಾಸನ ಹಾಕೈತಲ್ರೀ!”

“ಮೆತ್ತಗೆ ಭಾಯಿ. ಇವತ್ತೊಂದು ದಿನ.”

“ಹಗ್ಗ ಬ್ಯಾರೆ ಇದಕ್ಕ ಕಟ್ಟೀರಲ್ರೀ!”

ಅಷ್ಟರಲ್ಲಿ ಕಾರುಗಳು ಬರತೊಡಗಿದವು. ನಾನು ಒಳಗೆ ಓಡಿ ಉಡುಪು ಬದಲಿಸಿದೆ. ರೇಷ್ಮೆ ಪಂಚೆ, ಎಡಭುಜದ ಮೇಲೆ ಶಲ್ಯ. ಕನ್ನಡಿಯಲ್ಲಿ ಸಾಕ್ಷಾತ್ ರೋಮನ್ ಸೆನೆಟಿನ ಸದಸ್ಯನೇ! ಹೊರಗೆ ಬಂದು ಮೆಟ್ಟಿಲ ಮೇಲೆ ಕೈ ಚಾಚಿ ನಿಂತೆ. ಹುಲ್ಲಿನ ಮೇಲೆ ಇಪ್ಪತ್ತೆರಡು ಮಕ್ಕಳು ಬೆಡ್‌ಶೀಟು ಸುತ್ತಿಕೊಂಡು, ಎಲೆಯ ಕಿರೀಟ ಇಟ್ಟುಕೊಂಡು, ನಾಟಕದ ರಟ್ಟಿನ ಕತ್ತಿ ಗುರಾಣಿ ಹಿಡಿದು ಬರುತ್ತಿದ್ದರು. ಅವರ ಹಿಂದೆ ನೇರಳೆ ಸೆರಗಿನ ಮಿಸೆಸ್ ಕಿಂಬಲ್. ಸಿರಿ ಎಲ್ಲರಿಗಿಂತ ಮುಂದೆ.

ಅವಳು ಬ್ಯಾನರ್ ಓದಿದಳು. ಗಕ್ಕನೆ ನಿಂತಳು. ಹಿಂದಿನವರೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು. ಇಪ್ಪತ್ತೆರಡು ಜೋಡಿ ತುಟಿಗಳು ನಿಧಾನವಾಗಿ ಅಲ್ಲಾಡಿದವು. ಅಚ್ಚರಿಗೊಂಡಿದ್ದಾರೆ ಎಂದು ನನ್ನ ಎದೆ ಉಬ್ಬಿತು.

ಕೆಂಪು ಕೂದಲಿನ ಒಬ್ಬ ಹುಡುಗಿ ಕೇಳಿದಳು. “ವೆಲ್ಕಮ್... ಎನಿಮೀಸ್?”

ಸ್ವಾಗತ, ಶತ್ರುಗಳೇ! ಜರ್ಮನರ ಅಚ್ಚಿನಲ್ಲಿ ದೋಷವಿರಲಿಲ್ಲ.

ಸಿರಿ ಹಣೆ ಚಚ್ಚಿಕೊಂಡಳು. ಮಿಸೆಸ್ ಕಿಂಬಲ್ ಬಾಯಿಗೆ ಸೆರಗು ಹಿಡಿದರು. ಆಮೇಲೆ ಯಾರೋ ಒಬ್ಬ ಕತ್ತಿ ಎತ್ತಿ “ಅಟ್ಯಾಕ್!” ಎಂದು ಕೂಗಿದ. ಮುಗಿಯಿತು! ಶತ್ರುವೆಂದು ಕರೆದ ಮೇಲೆ ಶತ್ರುವಾಗಿ ವರ್ತಿಸುವುದು ಅವರ ಕರ್ತವ್ಯವಲ್ಲವೇ? ರೋಮ್ ಸಾಮ್ರಾಜ್ಯದ ಇಡೀ ಸೈನ್ಯ ಕೇಕೆ ಹಾಕುತ್ತಾ ನಾರ್ತ್‌ವಿಲ್‌ನ ನನ್ನ ಮನೆಯ ಮೇಲೆ ನುಗ್ಗಿತು.

“ಸ್ಟಾಪ್! ಐ ಮೆಂಟ್ ಫ್ರೆಂಡ್ಸ್!” ಎಂದು ನಾನು ಕೂಗಿದೆ. ಸೆನೆಟಿನ ಸದಸ್ಯನ ಮಾತನ್ನು ಸೈನ್ಯ ಎಂದಾದರೂ ಕೇಳಿದೆಯೇ? ಯಾರದೋ ಗುರಾಣಿ ಬ್ಯಾನರಿಗೆ ಸಿಕ್ಕಿಕೊಂಡಿತು. ಅವನು ಎಳೆದ. ಬ್ಯಾನರ್ ಹಗ್ಗವನ್ನು ಎಳೆಯಿತು. ಹಗ್ಗ ಕಂಬವನ್ನು ಎಳೆಯಿತು. ಮೇಲಿನ ಚಕ್ಕೆಗಳು ಕಡಲೆಪುರಿಯಂತೆ ಉದುರಿದವು. ಬುಡದ ಅಂಟು ಇನ್ನೂ ಒಣಗಿರಲಿಲ್ಲ. ಎರಡೂವರೆ ಸಾವಿರ ವರ್ಷ ನಡೆದು ಬಂದ ನನ್ನ ಡೋರಿಕ್ ಕಂಬ ಬಹಳ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಯಾರಿಗೂ ತಾಗದಂತೆ ಹುಲ್ಲಿನ ಮೇಲೆ ಮಲಗಿ, ಅಂಚೆ ಡಬ್ಬಿಯವರೆಗೆ ಉರುಳಿಹೋಯಿತು.

ಮೇಲಿನಿಂದ ‘ಕಿರ್‌ರ್’ ಎಂಬ ಸದ್ದು ಬಂತು. ತೊಲೆ!

ನಾನು ಯೋಚಿಸಲಿಲ್ಲ. “ಎಲ್ಲರೂ ದೂರ ಹೋಗಿ!” ಎಂದು ಕನ್ನಡದಲ್ಲೇ ಕಿರುಚಿ, ಹೂಕುಂಡದ ಕಟ್ಟೆ ಹತ್ತಿ, ಎರಡೂ ಕೈಯೆತ್ತಿ ತೊಲೆಯನ್ನು ಹಿಡಿದೆ. ಮಕ್ಕಳು ಹಿಂದೆ ಸರಿದರು. “ಭಾಯಿ, ಜಾಕ್ ತನ್ನಿ!” ಎಂದೆ. ಬಷೀರ್ ಭಾಯಿ ಸಾವಧಾನವಾಗಿ ತಮ್ಮ ವ್ಯಾನಿನ ಕಡೆ ನಡೆದರು. ನಡೆಯುತ್ತಾ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಆಗ ಎರಡು ಘಟನೆಗಳು ಒಟ್ಟಿಗೇ ನಡೆದವು. ಒಂದು, ಮಿಸೆಸ್ ಕಿಂಬಲ್ ಚಪ್ಪಾಳೆ ತಟ್ಟಿ, ಮಕ್ಕಳೇ, ಎಲ್ಲರೂ ಕೂತುಕೊಳ್ಳಿ, ಇದನ್ನು ನೋಡುವ ಅವಕಾಶ ಮತ್ತೆ ಸಿಗುವುದಿಲ್ಲ ಎಂದು ಪಾಠ ಆರಂಭಿಸಿದರು. ಪ್ರಾಚೀನ ದೇವಾಲಯಗಳಲ್ಲಿ ಕೆಲವು ಕಡೆ ಕಂಬದ ಬದಲು ಮನುಷ್ಯರ ಆಕೃತಿಯನ್ನೇ ಕೆತ್ತಿ, ಅದರ ತಲೆಯ ಮೇಲೆ ಛಾವಣಿ ಹೊರಿಸುತ್ತಿದ್ದರು, ಯುರೋಪಿನ ಅರಮನೆಗಳ ಬಾಗಿಲಲ್ಲಿ ಇವತ್ತಿಗೂ ಅಂಥವರು ನಿಂತಿದ್ದಾರೆ, ಮೊಣಕೈ ಹೇಗೆ ಬಾಗಿದೆ ನೋಡಿ, ಮುಖದಲ್ಲಿ ನೋವು ಹೇಗಿದೆ ನೋಡಿ! ಮಕ್ಕಳು ನೋಡಿದರು. ಇಬ್ಬರು ನೋಟ್ಸ್ ಬರೆದುಕೊಂಡರು. ಒಬ್ಬಳು ಫೋಟೋ ತೆಗೆದಳು.

ಎರಡನೆಯದು, ನನ್ನ ಪಂಚೆ ಸಡಿಲವಾಗತೊಡಗಿತು.

ಕೈ ಕೆಳಗಿಳಿಸಿದರೆ ಮನೆ ಬೀಳುತ್ತದೆ, ಇಳಿಸದಿದ್ದರೆ ಮಾನ ಬೀಳುತ್ತದೆ. ರೋಮನ್ನರ ದುರಂತ ನಾಟಕದಲ್ಲೂ ಇಂಥ ಸಂಕಟ ಯಾರಿಗೂ ಬಂದಿರಲಾರದು. “ವನಜಾ!” ಎಂದು ಪಿಸುಗುಟ್ಟಿದೆ. ಅವಳು ಮುಖ ನೋಡಿದಳು, ಪಂಚೆ ನೋಡಿದಳು, ಅರ್ಥವಾಯಿತು. ಮಕ್ಕಳ ಬೆಡ್‌ಶೀಟುಗಳಿಗೆಂದು ತಂದಿದ್ದ ಸೇಫ್ಟಿ ಪಿನ್ನಿನ ಡಬ್ಬಿ ಹಿಡಿದು ಓಡಿ ಬಂದು, ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹನ್ನೊಂದು ಪಿನ್ನು ಚುಚ್ಚಿದಳು. ಅದರಲ್ಲಿ ಹತ್ತು ಪಂಚೆಗೆ.

“ಅಯ್ಯೋ!”

“ಅಲ್ಲಾಡಬೇಡಿ. ಪಾಠ ನಡೀತಿದೆ.”

ಕೆಂಪು ಕೂದಲಿನ ಹುಡುಗಿ ಸಿರಿಯ ಕಡೆ ತಿರುಗಿ, “ಯುವರ್ ಡ್ಯಾಡ್ ಈಸ್ ದ ಬೆಸ್ಟ್,” ಎಂದಳು. ಸಿರಿ ಅವಳನ್ನು ಅನುಮಾನದಿಂದ ನೋಡಿದಳು. ತಮಾಷೆ ಮಾಡುತ್ತಿದ್ದಾಳೋ ಎಂದು ನೋಡಿದಳು. ಅವಳು ನಿಜವಾಗಿಯೇ ಹೇಳಿದ್ದಳು. “ಮೈ ಡ್ಯಾಡ್ ಈಸ್ ಆಲ್ವೇಸ್ ಅಟ್ ವರ್ಕ್,” ಎಂದೂ ಸೇರಿಸಿದಳು. ಆಗ ನನ್ನ ಮಗಳಿಗೆ ನಗು ಬಂತು. ಮೊದಲು ಮೂಗಿನಿಂದ, ಆಮೇಲೆ ಭುಜದಿಂದ, ಆಮೇಲೆ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಎದ್ದು ಬಂದು, ಬುಟ್ಟಿಯಿಂದ ಒಂದು ದ್ರಾಕ್ಷಿ ತೆಗೆದು, ಕಟ್ಟೆ ಹತ್ತಿ, ನನ್ನ ಬಾಯಿಗೆ ಹಾಕಿದಳು.

“ಹಿಂಗೇ ತಿಂತಿದ್ರಂತೆ ರೋಮನ್ಸ್,” ಎಂದಳು. ಕನ್ನಡದಲ್ಲಿ! ಅಷ್ಟೂ ಮಕ್ಕಳ ಮುಂದೆ!

ತೊಲೆಯ ಭಾರ ಆ ಕ್ಷಣ ನನಗೆ ಗೊತ್ತಾಗಲಿಲ್ಲ.

ಇಪ್ಪತ್ತೈದು ನಿಮಿಷ ನಾನು ಹಾಗೆಯೇ ನಿಂತಿದ್ದೆ. ಜಾಕು ತಂದು ಕೆಳಗಿಟ್ಟ ಬಷೀರ್ ಭಾಯಿ, ಪಾಠ ಮುಗಿಯುವವರೆಗೂ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. “ಹೆಸರಿಗೆ ತಕ್ಕಂಗ ಆತು ನೋಡ್ರಿ. ಮೂರ್ತಿ ಸಾಹೇಬ್ರು ಖರೇನ ಮೂರ್ತಿ ಆದ್ರು,” ಎಂದು ಮೆಚ್ಚುಗೆಯಿಂದ ತಲೆಯಾಡಿಸಿದರು. ಆಮೇಲೆ ಅಂಚೆ ಡಬ್ಬಿಯ ಹತ್ತಿರದಿಂದ ಕಂಬ ತಂದು, ದಪ್ಪ ತುದಿ ಕೆಳಗೆ ಮಾಡಿ, ತುಳಸಿಯ ಅಡಿಯಿಂದ ಬಳೆ ತೆಗೆಸಿ, ಒಂದು ತಾಸಿನೊಳಗೆ ನಿಲ್ಲಿಸಿಬಿಟ್ಟರು. ಬಳೆಗಳು ಹೇಳಿ ಮಾಡಿಸಿದಂತೆ ಕೂತವು. ಗ್ರೀಕರ ಲೆಕ್ಕ ಸರಿಯಾಗಿತ್ತು.

ಕೈಗಳು ಎರಡೂ ಮರಗಟ್ಟಿ, ಲೋಟ ಹಿಡಿಯಲೂ ಆಗದೆ ಕೂತಿದ್ದ ನಾನು ಹೇಳಿದೆ. “ನಾನು ಹಿಡೀದೆ ಇದ್ದಿದ್ರೆ ಇವತ್ತು ಪೋರ್ಚು ಪೂರ್ತಿ ಬೀಳ್ತಿತ್ತು ಭಾಯಿ.”

“ಎಲ್ಲಿ ಬೀಳ್ತೈತ್ರಿ? ತೊಲಿ ಗ್ವಾಡಿಗೆ ಭದ್ರ ಐತಿ. ಅದರ ಮ್ಯಾಲ ಆ ಬಲಗಡಿ ಕಂಬನೂ ಐತಿ. ನೀವು ಹಿಡೀಲಿಲ್ಲಂದ್ರೂ ಏನೂ ಆಗ್ತಿರಲಿಲ್ಲ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ಟೀಚರಮ್ಮಾರು ಪಾಠ ಹೇಳಾಕತ್ತಿದ್ರಲ್ರಿ. ನಡುವ ಬಾಯಿ ಹಾಕೂದು ಚಂದ ಅನ್ನಿಸಲಿಲ್ಲ.”

ಊಟ ಭರ್ಜರಿಯಾಯಿತು. ಮಕ್ಕಳು ಸೋಫಾಗಳ ಮೇಲೆ ರೋಮನ್ನರಂತೆ ಒರಗಿ ಮಲಗಿ ಉಸಲಿಯನ್ನು ಮೂರು ಸಲ ಹಾಕಿಸಿಕೊಂಡರು. ಮಿಸೆಸ್ ಕಿಂಬಲ್ ನನ್ನ ಪಕ್ಕ ಕೂತು ಸಮಾಧಾನ ಹೇಳಿದರು. ನಿಮ್ಮ ತಪ್ಪು ಅಷ್ಟೇನೂ ಮೂರ್ಖತನದ್ದಲ್ಲ, ಬಹಳ ಹಿಂದೆ ‘ಹೋಸ್ತಿಸ್’ ಎಂದರೆ ಬರೀ ಹೊರಗಿನವನು ಎಂದಷ್ಟೇ ಅರ್ಥವಿತ್ತು, ಅತಿಥಿ ಎಂಬ ಅರ್ಥದ ‘ಹೋಸ್ಪೆಸ್’ ಪದವೂ ಅದೇ ಬೇರಿನದು, ಬಾಗಿಲಲ್ಲಿ ಬಂದು ನಿಂತ ಹೊರಗಿನವನು ಅತಿಥಿಯೂ ಆಗಬಹುದು, ಶತ್ರುವೂ ಆಗಬಹುದು, ಅದು ಬಾಗಿಲು ತೆರೆದವರ ಕೈಯಲ್ಲಿದೆ ಎಂದರು. ಒಳಗಿನ ಕೋಣೆಯಲ್ಲಿ ಸಿರಿ ಮತ್ತು ಕೆಂಪು ಕೂದಲಿನ ಹುಡುಗಿ ಒಂದೇ ತಟ್ಟೆಯಿಂದ ಬಾದಾಮಿ ತಿನ್ನುತ್ತಿದ್ದರು. ಸೋಮವಾರ ಊಟಕ್ಕೆ ಎಲ್ಲಿ ಕೂರುವುದು ಎಂದು ಮಾತಾಡಿಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಕಂಬ, ಭಾಷೆ, ಪಂಚೆ ಎಲ್ಲ ಸೇರಿ ನಾನು ಪಟ್ಟ ಪಾಡಿಗೆ ಅದು ಸಾಕಾಗಿತ್ತು.

ಎರಡು ವಾರದ ನಂತರ ಶಾಲೆಯ ಸುದ್ದಿಪತ್ರ ಮನೆಗೆ ಬಂತು. ಮೊದಲ ಪುಟದಲ್ಲೇ ನನ್ನ ಫೋಟೋ! ಎರಡೂ ಕೈ ಮೇಲೆ, ಕಣ್ಣು ಹೊರಗೆ, ಪಂಚೆಯ ತುಂಬ ಪಿನ್ನು. ನಾನು ಸಡಗರದಿಂದ ಕನ್ನಡಕ ಹಾಕಿಕೊಂಡು ಫೋಟೋದ ಕೆಳಗಿನ ಸಾಲು ಓದಿದೆ. ಇಂಗ್ಲಿಷಿನಲ್ಲಿ ಎರಡೇ ಪದವಿತ್ತು. ‘ರೋಮನ್ ರೂಯಿನ್ಸ್’. ಅಂದರೆ ರೋಮನ್ನರ ಪಾಳುಬಿದ್ದ ಅವಶೇಷ. ಬರೆದವರ ಹೆಸರು, ಸಿರಿ ಮೂರ್ತಿ.

“ನೋಡೇ, ನಿನ್ನ ಮಗಳು ಏನು ಬರೆದಿದ್ದಾಳೆ!” ಎಂದು ವನಜಾಳ ಮುಂದೆ ಹಿಡಿದೆ.

ಅವಳು ಕೈ ಒರೆಸಿಕೊಂಡು, ಫೋಟೋವನ್ನೂ ನನ್ನನ್ನೂ ಬಾರಿ ಬಾರಿ ನೋಡಿ, ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

“ಇದರಲ್ಲಿ ತಪ್ಪೇನಿದೆ ರೀ? ಸ್ಪೆಲ್ಲಿಂಗ್ ಸರಿಯಾಗೇ ಇದೆಯಲ್ಲ!”